ಮಠದಲ್ಲೇ ಇರುತ್ತೇನೆ ಎಂದು ಮಾತು ಕೊಟ್ಟ ಫಾದರ್

ಸಂತ ಬೆನೆಡಿಕ್ಟರ ಸಭೆಗೆ ಸೇರುವ ಸನ್ಯಾಸಿಗಳು ಕೊಡುವ ಮಾತುಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಯಾವ ಮಠಕ್ಕೆ ಸೇರಿದೆನೋ ಅದೇ ಮಠದಲ್ಲಿ, ಅದೇ ಸೋದರರ ಜೊತೆ ಸಾಯುವವರೆಗೂ ಇರುತ್ತೇನೆ ಅನ್ನುವುದು ಆ ಮಾತು. ಬೆನೆಡಿಕ್ಟರು ಆರನೇ ಶತಮಾನದಲ್ಲಿ ಇಟಲಿಯಲ್ಲಿ ಮಠದ ನಿಯಮಗಳನ್ನು ಬರೆದಾಗ ಮೊದಲ ಅಧ್ಯಾಯದಲ್ಲೇ ಅಲೆಮಾರಿ ಸನ್ಯಾಸಿಗಳನ್ನು ಗದರಿದ್ದಾರೆ. ಇಲ್ಲಿ ಮೂರು ದಿನ, ಅಲ್ಲಿ ನಾಲ್ಕು ದಿನ ಉಂಡು ಹೊರಡುವವರು, ಎಲ್ಲೂ ನೆಲೆ ನಿಲ್ಲದವರು ಅಂತ. ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದರೆ ಕುಂಬಳಗೋಡಿನಲ್ಲಿ ಆಶೀರ್ವನಂ ಅನ್ನುವ ಬೆನೆಡಿಕ್ಟಿನ್ ಮಠ ಇದೆ. ಅಲ್ಲಿಗೆ ಪ್ರಾರ್ಥನೆಗೆ ಹೋದವರಿಗೆ ಗೊತ್ತು, ಗಂಟೆ ಹೊಡೆದ ಹೊತ್ತಿಗೆ ಸರಿಯಾಗಿ ಪ್ರಾರ್ಥನೆ, ಕೆಲಸ, ಮತ್ತೆ ಪ್ರಾರ್ಥನೆ. ಜಾಗ ಬದಲಾಗುವುದಿಲ್ಲ, ಜನ ಬದಲಾಗುವುದಿಲ್ಲ.

ಇಂಥ ಮಾತು ಕೊಟ್ಟ ಒಬ್ಬ ಅಮೆರಿಕನ್ ಸನ್ಯಾಸಿ 90ಕ್ಕೂ ಜಾಸ್ತಿ ದೇಶಗಳನ್ನು ಸುತ್ತಿದರು. ಅವರ ಹೆಸರು ಫಾದರ್ ಪಾಲ್ ಮಾರ್ಕ್ಸ್. ಹುಟ್ಟುವ ಮುಂಚಿನ ಮಗುವಿನ ಪರವಾಗಿ ನಿಂತ ಪ್ರೊ-ಲೈಫ್ ಚಳವಳಿಯನ್ನು ಅಮೆರಿಕದ ಹೊರಗೆ ಒಯ್ದವರಲ್ಲಿ ಅವರದು ದೊಡ್ಡ ಹೆಸರು. ಅವರ ಬಗ್ಗೆ ಓದುತ್ತಾ ಹೋದಂತೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇದ್ದಲ್ಲೇ ಇರುತ್ತೇನೆ ಎಂದವರಿಗೆ ದೇವರ ಕರೆ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿತೇ? ಅಥವಾ ಆ ಓಡಾಟದಲ್ಲೂ ಅವರು ಒಂದು ಕಡೆ ನಿಂತೇ ಇದ್ದರೇ?

ಮಾರ್ಕ್ಸ್ ಹುಟ್ಟಿದ್ದು 1920ರಲ್ಲಿ, ಮಿನ್ನೆಸೋಟ ರಾಜ್ಯದ ಸೇಂಟ್ ಮೈಕಲ್ ಅನ್ನುವ ಊರಿನಲ್ಲಿ. ಹೈನುಗಾರಿಕೆ ಮಾಡುತ್ತಿದ್ದ ಮನೆ. ಹುಟ್ಟಿದ ಮಕ್ಕಳು 17. ಈ ಸಂಖ್ಯೆಯನ್ನು ಓದಿ ಸುಮ್ನೆ ಮುಂದೆ ಹೋಗಬಾರದು ಅಂತ ನನಗೆ ಅನಿಸುತ್ತದೆ. ಅಷ್ಟು ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಮಗು ಬರುತ್ತದೆ ಎಂದರೆ ಹಾಸಿಗೆಯಲ್ಲಿ ಸ್ವಲ್ಪ ಸರಿದುಕೊಳ್ಳಬೇಕು, ಅಷ್ಟೇ. ಮಗು ಎಂದರೆ ಲೆಕ್ಕ ಹಾಕಿ ನೋಡುವ ಖರ್ಚು ಅನ್ನುವ ಯೋಚನೆ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. ಅದರ ಬೇರು ಆ ಹೊಲಮನೆಯಲ್ಲೇ ಇದೆ. ಆದರೆ ಅಷ್ಟೂ ಮಕ್ಕಳನ್ನು ಹೆತ್ತು ಸಾಕಿದ ಆ ತಾಯಿಯ ಮೈಗೆ ಎಷ್ಟು ದಣಿವಾಗಿತ್ತೋ ಅನ್ನುವುದೂ ನನ್ನ ಮನಸ್ಸಿಗೆ ಬರುತ್ತದೆ. ನಮ್ಮ ಅಜ್ಜಿಯಂದಿರ ಕಾಲ ನೋಡಿದವರಿಗೆ ಅದು ಬರದೆ ಇರುವುದಿಲ್ಲ ಅಲ್ವಾ.

ಅದೇ ರಾಜ್ಯದ ಕಾಲೇಜ್‌ವಿಲ್‌ನಲ್ಲಿರುವ ಸಂತ ಯೊವಾನ್ನರ ಬೆನೆಡಿಕ್ಟಿನ್ ಮಠಕ್ಕೆ ಅವರು ಸೇರಿದರು. 1947ರಲ್ಲಿ ಗುರುದೀಕ್ಷೆ ಆಯಿತು. 1856ರಲ್ಲಿ ಶುರುವಾದ ಮಠ ಅದು. ಪಕ್ಕದಲ್ಲೇ ಮಠದವರದೇ ವಿಶ್ವವಿದ್ಯಾಲಯ, ಸುತ್ತ ಕಾಡು, ಕೆರೆಗಳು. ಮಾರ್ಕ್ಸ್ ಅಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ವಾಷಿಂಗ್ಟನ್‌ನ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದಾಗ ಅವರು ಆರಿಸಿಕೊಂಡ ವಿಷಯ ಅದೇ ಮಠದ ಹಿರಿಯ ಸನ್ಯಾಸಿ ವರ್ಜಿಲ್ ಮೈಕಲ್. ಚರ್ಚಿನ ಪೂಜೆಯೂ ಬೀದಿಯ ಬಡತನವೂ ಬೇರೆ ಬೇರೆ ವಿಷಯ ಅಲ್ಲ, ಪೂಜೆಯಲ್ಲಿ ಒಂದೇ ರೊಟ್ಟಿ ಹಂಚಿಕೊಂಡವರು ಸಮಾಜದಲ್ಲೂ ಹಂಚಿಕೊಂಡೇ ಬದುಕಬೇಕು ಎಂದು ಹೇಳುತ್ತಾ 1938ರಲ್ಲಿ ತೀರಿಕೊಂಡವರು ಅವರು. ಮಾರ್ಕ್ಸರ ಮುಂದಿನ ಬದುಕನ್ನು ಬರೀ ಗರ್ಭಪಾತದ ವಿರುದ್ಧದ ಹೋರಾಟ ಎಂದು ನೋಡುವವರಿಗೆ ಈ ಭಾಗ ಕಣ್ಣಿಗೆ ಬೀಳುವುದಿಲ್ಲ. ಅವರು ಮೊದಲು ಕಲಿತದ್ದು, ಕಲಿಸಿದ್ದು ಕುಟುಂಬದ ವಿಷಯ. ಮದುವೆ, ಮನೆ, ಮಕ್ಕಳು. ಮದುವೆಯ ತಯಾರಿಯ ಪಾಠವನ್ನೂ ಅವರು ಮಾಡುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. 1967ರಲ್ಲಿ ಕೊಲೊರಾಡೊ, 1970ರಲ್ಲಿ ನ್ಯೂಯಾರ್ಕ್ ತಮ್ಮ ಗರ್ಭಪಾತದ ಕಾನೂನುಗಳನ್ನು ಸಡಿಲ ಮಾಡಿದವು. ನಡುವೆ, 1968ರ ಜುಲೈನಲ್ಲಿ, ಪೋಪ್ ಆರನೇ ಪೌಲರು ಕೃತಕ ಗರ್ಭನಿರೋಧಕಗಳು ಬೇಡ ಎಂದು ಪರಿಪತ್ರ ಹೊರಡಿಸಿದರು. ಅದಕ್ಕೆ ಕಥೋಲಿಕರ ಒಳಗೇ ದೊಡ್ಡ ವಿರೋಧ ಬಂತು. 1971ರಲ್ಲಿ ಗರ್ಭಪಾತದ ಪರವಾಗಿದ್ದ ವೈದ್ಯರು, ತಜ್ಞರು ಲಾಸ್ ಏಂಜಲೀಸ್‌ನಲ್ಲಿ ಸೇರಿದ್ದ ಸಭೆಗೆ ಮಾರ್ಕ್ಸ್ ಹೋಗಿ ಕೂತು ಕೇಳಿದರು. ಕೇಳಿದ್ದನ್ನು ಅದೇ ವರ್ಷ ಪುಸ್ತಕ ಮಾಡಿದರು. 1972ರಲ್ಲಿ ಕಾಲೇಜ್‌ವಿಲ್‌ನಲ್ಲೇ ಒಂದು ಕೇಂದ್ರ ತೆರೆದರು. ಮರುವರ್ಷ ಜನವರಿ 22ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ ರೋ ವಿರುದ್ಧ ವೇಡ್ ತೀರ್ಪು ಕೊಟ್ಟಿತು. ಗರ್ಭಪಾತ ಇಡೀ ದೇಶದಲ್ಲಿ ಹಕ್ಕಾಯಿತು. ಆಗ ಅವರ ವಯಸ್ಸು 52. ಸಾಮಾನ್ಯವಾಗಿ ಮೇಷ್ಟ್ರುಗಳು ನಿವೃತ್ತಿಯ ಲೆಕ್ಕ ಶುರು ಮಾಡುವ ವಯಸ್ಸು.

1981ರಲ್ಲಿ ವಾಷಿಂಗ್ಟನ್‌ನಲ್ಲಿ ಹ್ಯೂಮನ್ ಲೈಫ್ ಇಂಟರ್‌ನ್ಯಾಷನಲ್ ಎಂಬ ಪ್ರೊ-ಲೈಫ್ ಸಂಸ್ಥೆ ಶುರು ಮಾಡಿದರು. ಮುಂದೆ ಅದರ ಕಚೇರಿ ವರ್ಜೀನಿಯಾದ ಫ್ರಂಟ್ ರಾಯಲ್‌ಗೆ ಹೋಯಿತು. ಒಂದು ದೇಶಕ್ಕೆ ಹೋದರೆ ಅವರು ಬಿಷಪರನ್ನು ನೋಡುತ್ತಿದ್ದರು, ವೈದ್ಯರನ್ನು ನೋಡುತ್ತಿದ್ದರು, ಗುರುಮಠದಲ್ಲಿ ಓದುವ ಹುಡುಗರಿಗೆ ತಪ್ಪದೆ ಪಾಠ ಮಾಡುತ್ತಿದ್ದರು. ಇವತ್ತಿನ ಗುರುವಿದ್ಯಾರ್ಥಿಗೆ ಹೇಳಿಕೊಟ್ಟರೆ ನಾಳೆ ಒಂದು ಇಡೀ ಊರಿಗೆ ಮುಟ್ಟುತ್ತದೆ ಅನ್ನುವುದು ಅವರ ನಂಬಿಕೆ. ಹೊರಡುವಾಗ ಪುಸ್ತಕ, ಚಿತ್ರ, ಭ್ರೂಣದ ಮಾದರಿಗಳನ್ನು ಬಿಟ್ಟು ಬರುತ್ತಿದ್ದರು. ಎಳೆ ಮಗುವಿನ ಎರಡು ಪಾದಗಳಿರುವ ಪುಟ್ಟ ಪಿನ್ನನ್ನು ಕೆಲವು ಫಾದರ್‌ಗಳ, ಸಿಸ್ಟರ್‌ಗಳ ಬಟ್ಟೆಯ ಮೇಲೆ ನೀವೂ ನೋಡಿರಬಹುದು. ಹತ್ತು ವಾರದ ಭ್ರೂಣದ ಪಾದಗಳ ನಿಜವಾದ ಅಳತೆ ಅದು. ಎಷ್ಟು ವಾದ ಮಾಡಿದರೂ ಆಗದ ಕೆಲಸವನ್ನು ಆ ಪಿನ್ನು ಮಾಡುತ್ತದೆ ಅಂತ ನನಗನಿಸಿದೆ.

ಇಷ್ಟೇ ಆಗಿದ್ದರೆ ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ. ಬೇಡ ಎಂದು ಹೇಳುವ ಪಾದ್ರಿಗಳು ಬೇಕಾದಷ್ಟಿದ್ದಾರೆ. ಹಾಗಾದರೆ ಏನು ಮಾಡಬೇಕು ಫಾದರ್ ಎಂದು ದಂಪತಿಗಳು ಕೇಳಿದಾಗ ಉತ್ತರ ಇಟ್ಟುಕೊಂಡವರು ಕಡಿಮೆ. ಮಾರ್ಕ್ಸ್ ಆ ಉತ್ತರ ಹುಡುಕಿದರು. ಹೆಣ್ಣಿನ ಮೈಯ ಲಕ್ಷಣಗಳನ್ನು ನೋಡಿಕೊಂಡು ಮಗು ಯಾವಾಗ ಎಂದು ಗಂಡ ಹೆಂಡತಿ ಸೇರಿ ತೀರ್ಮಾನ ಮಾಡುವ ಸಹಜ ಕುಟುಂಬ ಯೋಜನೆಗೆ ಕಾಲೇಜ್‌ವಿಲ್‌ನಲ್ಲಿ ಸಮ್ಮೇಳನ ಮಾಡಿದರು, ಅದಕ್ಕೆಂದೇ ಪತ್ರಿಕೆ ತಂದರು.

ಈ ವಿಧಾನದ ಕಥೆಯಲ್ಲೂ ಒಬ್ಬರು ಫಾದರ್ ಇದ್ದಾರೆ. 1953ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಫಾದರ್ ಮಾರಿಸ್ ಕ್ಯಾಟರಿನಿಚ್ ದಂಪತಿಗಳಿಗೆ ಸಲಹೆ ಕೊಡುತ್ತಿದ್ದರು. ತಮಗೆ ವೈದ್ಯಶಾಸ್ತ್ರ ಗೊತ್ತಿಲ್ಲ, ಸ್ವಲ್ಪ ದಿನ ಸಹಾಯ ಮಾಡಿ ಎಂದು ಡಾಕ್ಟರ್ ಜಾನ್ ಬಿಲ್ಲಿಂಗ್ಸ್ ಅವರನ್ನು ಕೇಳಿಕೊಂಡರು. ಬಿಲ್ಲಿಂಗ್ಸ್ ನರರೋಗ ತಜ್ಞ, ಈ ಕೆಲಸಕ್ಕೆ ಸಂಬಂಧವೇ ಇಲ್ಲದವರು. ಸ್ವಲ್ಪ ದಿನಕ್ಕೆ ಎಂದು ಒಪ್ಪಿಕೊಂಡ ಕೆಲಸ ಅವರ ಇಡೀ ಬದುಕನ್ನೇ ತೆಗೆದುಕೊಂಡಿತು. ಒಂಬತ್ತು ಮಕ್ಕಳ ತಾಯಿಯಾದ ಅವರ ಹೆಂಡತಿ ಡಾಕ್ಟರ್ ಎವ್ಲಿನ್ ಆಮೇಲೆ ಜೊತೆಯಾದರು. ಹೆಂಗಸರ ಜೊತೆ ಹೆಂಗಸಾಗಿ ಮಾತಾಡಬಲ್ಲವರು ಅವರೇ. ಗರ್ಭಕಂಠದ ಲೋಳೆ ದಿನದಿಂದ ದಿನಕ್ಕೆ ಹೇಗೆ ಬದಲಾಗುತ್ತದೆ ಎಂದು ಗಮನಿಸಿದರೆ ಗರ್ಭ ಕಟ್ಟುವ ದಿನಗಳು ತಿಳಿಯುತ್ತವೆ ಎಂದು ಅವರು ಕಲಿಸಿದರು. ಇಬ್ಬರೂ ದೇಶದೇಶ ತಿರುಗಿ ಹೇಳಿಕೊಟ್ಟರು.

ನಮ್ಮ ನೆಲಕ್ಕೂ ಇದರ ನಂಟು ಹಳೆಯದು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತ್ತು. ಆ ಕಾಲಕ್ಕೆ ಜಗತ್ತಿನಲ್ಲೇ ಅದು ಹೊಸದು. 1950ರ ದಶಕದ ಮೊದಲಲ್ಲಿ, ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ಮುಟ್ಟಿನಿಂದ ದಿನ ಎಣಿಸಿ ಗರ್ಭ ಕಟ್ಟುವ ದಿನಗಳನ್ನು ಗುರುತಿಸುವ ಪದ್ಧತಿಯನ್ನು ದೆಹಲಿಯ ಲೋದಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ಪರೀಕ್ಷೆ ಮಾಡಿದರು. ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಟ್ಟು ದಿನಕ್ಕೊಂದು ಮಣಿ ಸರಿಸಿ ಎಂದರು. ಅದು ಹೆಚ್ಚು ದೂರ ಹೋಗಲಿಲ್ಲ. ಮುಟ್ಟಿನ ದಿನಗಳು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಬರುವುದಿಲ್ಲ. ರಾತ್ರಿಯ ತೀರ್ಮಾನ ಹೆಂಡತಿಯದೊಂದೇ ಆಗಿರಲಿಲ್ಲ ಅನ್ನುವುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

1970ರ ದಶಕದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಬಿಲ್ಲಿಂಗ್ಸ್ ವಿಧಾನವನ್ನು ಐದು ನಗರಗಳಲ್ಲಿ ಪರೀಕ್ಷಿಸಿತು. ಅದರಲ್ಲಿ ಬೆಂಗಳೂರೂ ಒಂದು. 869 ಹೆಂಗಸರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನ ಮೊದಲ ತಿಂಗಳಲ್ಲೇ ತಮ್ಮ ಲಕ್ಷಣಗಳನ್ನು ಗುರುತಿಸಿದರು. ಓದು ಬರದವರೂ ಗುರುತಿಸಿದರು. ಸರಿಯಾಗಿ ಪಾಲಿಸಿದಾಗ ವರ್ಷಕ್ಕೆ ನೂರರಲ್ಲಿ ಮೂವರ ಆಸುಪಾಸು ಬಸುರಿಯಾದರು. ಆದರೆ ಪಾಲಿಸದೆ ಇದ್ದವರನ್ನೂ ಸೇರಿಸಿದರೆ ಸಂಖ್ಯೆ ಇಪ್ಪತ್ತು ದಾಟಿತು. ಮದುವೆಗೆ ಮುಂಚಿನ ತರಬೇತಿಯಲ್ಲಿ ನಾನು ಈ ಎರಡೂ ಸಂಖ್ಯೆ ಹೇಳುತ್ತೇನೆ. ಮೊದಲನೆಯದನ್ನು ಮಾತ್ರ ಹೇಳುವುದು ಮೋಸ. ಎರಡನೆಯದು ಗಂಡಸರಿಗೆ ಹೇಳುವ ಮಾತು. ಆ ನಡುವಿನ ಅಂತರದಲ್ಲಿರುವುದು ಹೆಚ್ಚಾಗಿ ಗಂಡನ ತಾಳ್ಮೆ. ಮದರ್ ತೆರೇಸಾ 1979ರಲ್ಲಿ ಓಸ್ಲೋದಲ್ಲಿ ನೊಬೆಲ್ ಭಾಷಣ ಮಾಡಿದಾಗ ಗರ್ಭಪಾತವನ್ನು ಖಂಡಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ಭಾಷಣದಲ್ಲಿ ಕಲ್ಕತ್ತೆಯ ಭಿಕ್ಷುಕರಿಗೆ, ಕುಷ್ಠರೋಗಿಗಳಿಗೆ, ಕೊಳೆಗೇರಿಯ ಜನರಿಗೆ ಸಹಜ ಕುಟುಂಬ ಯೋಜನೆ ಕಲಿಸುತ್ತಿದ್ದೇವೆ ಎಂದು ಹೇಳಿದ್ದನ್ನು ನಮ್ಮ ಉಪದೇಶಗಳಲ್ಲಿ ಯಾಕೆ ನೆನಪಿಸುವುದಿಲ್ಲವೋ.

ಮಾರ್ಕ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗರ್ಭನಿರೋಧಕವೇ ಗರ್ಭಪಾತಕ್ಕೆ ದಾರಿ ಎಂದು ವಾದ ಮಾಡಿದರು. ಇದನ್ನು ಒಪ್ಪದವರು ಬಹಳ. ಗರ್ಭನಿರೋಧಕ ಸಿಕ್ಕರೆ ಗರ್ಭಪಾತ ಕಡಿಮೆಯಾಗುತ್ತದೆ ಎಂದು ಅವರು ಹೇಳುತ್ತಾರೆ. 1995ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಬರೆದ ಪರಿಪತ್ರದಲ್ಲೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿಲ್ಲ. ಇವು ಒಂದೇ ಮರದ ಹಣ್ಣುಗಳಾದರೂ ಸ್ವಭಾವದಲ್ಲಿ ಬೇರೆ ಬೇರೆ ಎಂದು ಬಿಡಿಸಿ ಹೇಳಿದೆ. ಮಗು ಬಂದರೆ ಅದು ತಪ್ಪು ಲೆಕ್ಕ ಎಂದು ನೋಡುವ ಅಭ್ಯಾಸ ಅಪಾಯ ಅನ್ನುವ ಮಟ್ಟಿಗೆ ಮಾರ್ಕ್ಸರ ಮಾತು ನನಗೆ ಸರಿ ಕಾಣುತ್ತದೆ. ಅದಕ್ಕಿಂತ ಮುಂದೆ ಅವರ ಜೊತೆ ಹೋಗಲು ನನಗೆ ಆಗುವುದಿಲ್ಲ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಅವರ ನಾಲಗೆ ಬಿರುಸು. ಗರ್ಭಪಾತದ ಪರ ಇರುವವರಲ್ಲಿ ಯಹೂದಿಗಳನ್ನು ಎತ್ತಿ ತೋರಿಸಿ ಬರೆದರು. ಯಹೂದಿ ಸಂಘಟನೆಗಳು ಖಂಡಿಸಿದವು, ಕಥೋಲಿಕರೂ ಬೇಸರ ಪಟ್ಟರು. 1995ರಲ್ಲಿ ಅವರ ಸಂಸ್ಥೆಯ ಸಮ್ಮೇಳನ ಮಾಂಟ್ರಿಯಲ್‌ನಲ್ಲಿ ನಡೆದಾಗ ಬೀದಿಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಎಲ್ಲ ಜೀವವೂ ಪವಿತ್ರ ಎಂದು ಹೇಳುವ ಬಾಯಲ್ಲಿ ಒಂದು ಜನಾಂಗದ ಬಗ್ಗೆ ಅಂಥ ಮಾತು ಬರಬಾರದಿತ್ತು. ಅವರನ್ನು ಗೌರವಿಸುವವಳಾಗಿ ನನಗೆ ಇದು ನೋವು. ಅವರ ಅಭಿಮಾನಿಗಳು ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕಿದಾಗ ನೋವು ಇನ್ನೂ ಜಾಸ್ತಿ. ವೇದಿಕೆಯಿಂದ ವೇದಿಕೆಗೆ ಹೋಗುವ ಕೆಲಸದಲ್ಲಿ ಈ ಅಪಾಯ ಇದ್ದೇ ಇದೆ. ಎದುರಿಗಿರುವುದು ಸಭೆ. ಒಬ್ಬ ಮನುಷ್ಯನ ಮುಖ ನೋಡಿ ಮಾತಾಡುವಾಗ ಬರುವ ಎಚ್ಚರ ಅಲ್ಲಿ ತಪ್ಪಿಹೋಗುತ್ತದೆ.

ಹಾಗಾಗಿ ಈ ಚಳವಳಿಯಲ್ಲಿ ಒಂದೇ ಕಡೆ ನಿಂತು ಮಾಡಿದ ಕೆಲಸಗಳು ನನ್ನನ್ನು ಜಾಸ್ತಿ ಸೆಳೆಯುತ್ತವೆ. 1968ರಲ್ಲಿ ಟೊರಾಂಟೊದಲ್ಲಿ ಲೂಯಿಸ್ ಸಮರ್‌ಹಿಲ್ ಎಂಬ ಗೃಹಿಣಿ, ದಿಕ್ಕು ತೋಚದ ಬಸುರಿಯರಿಗಾಗಿ ಬರ್ತ್‌ರೈಟ್ ಎಂಬ ಆಸರೆ ಶುರು ಮಾಡಿದರು. 1984ರಲ್ಲಿ ನ್ಯೂಯಾರ್ಕ್‌ನ ಮಹಾಧರ್ಮಾಧ್ಯಕ್ಷ ಜಾನ್ ಓ'ಕಾನರ್, ಯಾವ ಧರ್ಮದ ಹೆಣ್ಣೇ ಆಗಲಿ, ಬಸುರಿಯಾಗಿ ಕಷ್ಟದಲ್ಲಿದ್ದರೆ ನಮ್ಮ ಹತ್ತಿರ ಬನ್ನಿ, ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದು ಎಲ್ಲರೆದುರು ಮಾತು ಕೊಟ್ಟರು. ಅದೇ ವರ್ಷ ಮಿಲ್ವಾಕಿಯಲ್ಲಿ ವಿಕಿ ಥಾರ್ನ್ ಪ್ರಾಜೆಕ್ಟ್ ರೇಚಲ್ ಶುರು ಮಾಡಿದರು. ಗರ್ಭಪಾತ ಮಾಡಿಸಿಕೊಂಡು ವರ್ಷಗಟ್ಟಲೆ ಒಳಗೇ ಬೇಯುವ ಹೆಂಗಸರ ಜೊತೆ ಹೇಗೆ ಮಾತಾಡಬೇಕು ಎಂದು ಅದು ಪಾದ್ರಿಗಳಿಗೇ ತರಬೇತಿ ಕೊಟ್ಟಿತು. ಆಗ ಪಾದ್ರಿ ಕಲಿಸುವವರಾಗಿರಲಿಲ್ಲ, ಬೆಂಚಿನ ಮೇಲೆ ಕೂತು ಕಲಿಯುವವರು. ಪೋಪ್ ಫ್ರಾನ್ಸಿಸ್ 2016ರ ನವೆಂಬರ್‌ನಲ್ಲಿ ಈ ಪಾಪಕ್ಕೆ ಕ್ಷಮೆ ಕೊಡುವ ಅಧಿಕಾರವನ್ನು ಎಲ್ಲ ಪಾದ್ರಿಗಳಿಗೂ ಕಾಯಂ ಮಾಡಿದರು. ಅದಕ್ಕೂ ಮುಂಚೆ ಎಷ್ಟೋ ಕಡೆ ಬಿಷಪರ ಅನುಮತಿ ಬೇಕಿತ್ತು.

ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಎರಡು ಹೆಣ್ಣುಮಕ್ಕಳಾದ ಮೇಲೆ ಮೂರನೆಯದನ್ನು ಮನೆಯವರು ತೆಗೆಸಿದರು. ತೆಗೆಸಿದರು ಎಂದೇ ಅವರು ಹೇಳುವುದು, ತೆಗೆಸಿದೆ ಎಂದಲ್ಲ. ಬಹಳ ವರ್ಷ ಆದ ಮೇಲೆ ಪಾಪನಿವೇದನೆಗೆ ಹೋದಾಗ ಫಾದರ್ ಕೇಳಿದರಂತೆ, "ಇಷ್ಟು ವರ್ಷ ಇದನ್ನ ಯಾರ ಹತ್ರ ಹೇಳ್ಕೊಂಡಿದ್ರಮ್ಮ?" "ಯಾರ ಹತ್ರಾನೂ ಇಲ್ಲ ಫಾದರ್." "ನಿಮ್ಮ ಯಜಮಾನರು?" "ಅವರು ಆ ವಿಷಯ ಎತ್ತೋದೇ ಇಲ್ಲ." ಮುಂದಿನ ವಾರ ಯಜಮಾನರನ್ನೂ ಕರೆದುಕೊಂಡು ಬನ್ನಿ, ಕೂತು ಮಾತಾಡೋಣ ಎಂದರಂತೆ ಫಾದರ್. ಅವರು ಬಂದರು, ಮಾತಾಡಿದರು. ಏನು ಮಾತಾಯಿತೋ ನಾನು ಕೇಳಲಿಲ್ಲ. ಒಬ್ಬ ಪಾದ್ರಿ ಗಂಡನನ್ನೂ ಕೂರಿಸಿ ಕೇಳಿದರು ಅನ್ನುವುದೇ ನನಗೆ ದೊಡ್ಡ ವಿಷಯ.

ನಮ್ಮ ದೇಶದಲ್ಲಿ ಗರ್ಭಪಾತದ ಕಾನೂನು ಬಂದಿದ್ದು 1971ರಲ್ಲಿ, ಅಮೆರಿಕದ ತೀರ್ಪಿಗಿಂತ ಮುಂಚೆ. 2021ರ ತಿದ್ದುಪಡಿಯಲ್ಲಿ ಕೆಲವು ವರ್ಗದ ಹೆಂಗಸರಿಗೆ ಮಿತಿ 24 ವಾರ ಆಯಿತು. ಕಾನೂನು ಪಾಸಾದ ಆಗಸ್ಟ್ 10ನ್ನು ಭಾರತದ ಕಥೋಲಿಕರು ಶೋಕದ ದಿನವಾಗಿ ಆಚರಿಸಿದ್ದಾರೆ. 2022ರಲ್ಲಿ ಅದೇ ದಿನ ದೆಹಲಿಯಲ್ಲಿ ಮೆರವಣಿಗೆಯೂ ಆಯಿತು. ಆದರೆ ಅಮೆರಿಕದ ಘೋಷಣೆಗಳನ್ನು ಹಾಗೇ ತಂದು ಇಲ್ಲಿ ಕೂಗಿದರೆ ನಮ್ಮ ಮನೆಗಳ ಒಳಗೆ ನಡೆಯುವುದು ಕಾಣುವುದಿಲ್ಲ. ಅಲ್ಲಿನ ವಾದ ಹೆಣ್ಣಿನ ಆಯ್ಕೆಯ ಸುತ್ತ. ಇಲ್ಲಿ ಎಷ್ಟೋ ಮನೆಗಳಲ್ಲಿ ಹೆಣ್ಣಿಗೆ ಆಯ್ಕೆಯೇ ಇರುವುದಿಲ್ಲ. ಭ್ರೂಣದ ಲಿಂಗ ಪತ್ತೆ ತಡೆಯಲು 1994ರಲ್ಲೇ ಕಾನೂನು ಬಂತು. ಹಾಗಿದ್ದರೂ 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನ್ ಮಾಡಿ ಹೆಣ್ಣಾದರೆ ತೆಗೆಸುವ ಜಾಲ ಸಿಕ್ಕಿಬಿತ್ತು. ಬೆಲ್ಲ ಮಾಡುವ ಜಾಗದಲ್ಲಿ! ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿಗೆ ಬಂದ ಬಸುರಿಯರಲ್ಲಿ ಎಷ್ಟು ಜನ ತಾವಾಗಿ ಬಂದಿದ್ದರು, ಎಷ್ಟು ಜನರನ್ನು ಕರೆತಂದಿದ್ದರು?

1975-77ರ ತುರ್ತು ಪರಿಸ್ಥಿತಿಯನ್ನೂ ನಾವು ಮರೆಯಬಾರದು. 1976-77ರಲ್ಲಿ 80 ಲಕ್ಷಕ್ಕೂ ಜಾಸ್ತಿ ಜನಕ್ಕೆ ಮಕ್ಕಳಾಗದಂತೆ ಆಪರೇಷನ್ ಮಾಡಿದರು. ಕೋಟಾ ತುಂಬಿಸಲು ಬಡವರನ್ನು ಎಳೆದೊಯ್ದರು. ಜನಸಂಖ್ಯೆ ಅನ್ನುವ ಹೆಸರಿನಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳ ಮನೆಯೊಳಗೆ ಕೈ ಹಾಕುತ್ತವೆ ಎಂದು ಮಾರ್ಕ್ಸ್ ಎಲ್ಲ ಕಡೆ ಕೂಗಿ ಹೇಳಿದರು. ಇದನ್ನು ನಾವು ಭಾರತೀಯರು ಬೇಗ ಅರ್ಥ ಮಾಡಿಕೊಳ್ಳುತ್ತೇವೆ. ಈ ಒಂದು ವಿಷಯದಲ್ಲಿ ಅವರ ಬಿರುಸು ನಾಲಗೆ ಬೇಕಾಗಿತ್ತು.

ವಯಸ್ಸಾದ ಮೇಲೆ ಫಾದರ್ ಮಾರ್ಕ್ಸ್ ಕಾಲೇಜ್‌ವಿಲ್ ಮಠಕ್ಕೆ ವಾಪಸ್ ಹೋದರು. 2010ರ ಮಾರ್ಚ್ 20ರಂದು, 89ನೇ ವಯಸ್ಸಿನಲ್ಲಿ, ತಮ್ಮ ಸೋದರರ ನಡುವೆ ತೀರಿಕೊಂಡರು. ಕೊಟ್ಟ ಮಾತಿನ ಅಕ್ಷರವನ್ನು ಹಾಗೆ ಉಳಿಸಿಕೊಂಡರು. ರೋ ತೀರ್ಪನ್ನು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ರದ್ದು ಮಾಡಿದ್ದನ್ನು ನೋಡಲು ಅವರಿರಲಿಲ್ಲ. ನೋಡಿದ್ದರೆ ಸಂತೋಷ ಪಡುತ್ತಿದ್ದರು, ಅನುಮಾನವೇ ಇಲ್ಲ. ಆದರೆ ಕಾನೂನು ಬದಲಾದ ಮರುದಿನವೂ ಬಸುರಿಯೊಬ್ಬಳು ಬಾಡಿಗೆ ಕಟ್ಟಲಾಗದೆ ಅಳುತ್ತಾ ಕೂತಿರುತ್ತಾಳೆ. ಅವಳ ಮನೆಗೆ ಯಾರು ಹೋಗುತ್ತಾರೆ? ನನ್ನ ಮಟ್ಟಿಗೆ, ಈ ಕೆಲಸಕ್ಕೆ ಕರೆ ಬಂದಿದೆ ಎನ್ನುವ ಪಾದ್ರಿಯನ್ನು ಅಳೆಯಬೇಕಾದ್ದು ಇಲ್ಲಿಯೇ. ಎಷ್ಟು ದೇಶ ಸುತ್ತಿದರು ಎಂದು ಯಾರೂ ಎಣಿಸಬೇಕಿಲ್ಲ. ಹೆರಿಗೆ ಆಗುವವರೆಗೆ, ಬಾಣಂತನ ಮುಗಿಯುವವರೆಗೆ, ಮಗುವಿನ ಶಾಲೆಯ ಫೀಸಿನವರೆಗೆ ಆ ಒಂದು ಮನೆಯ ಜೊತೆ ಇದ್ದರೇ?

ನಮ್ಮ ಧರ್ಮಕೇಂದ್ರದ ಫಾದರ್‌ಗೆ ನಾವು ಕೆಲವರು ಸೇರಿ ಮೂರು ವಿಷಯ ಕೇಳಿಕೊಂಡಿದ್ದೇವೆ. ಚರ್ಚಿನ ಬೋರ್ಡಿನಲ್ಲಿ ಪೂಜೆಯ ವೇಳೆಯ ಪಕ್ಕದಲ್ಲೇ, ಕಷ್ಟದಲ್ಲಿರುವ ಬಸುರಿಯರು ಕರೆ ಮಾಡಬಹುದಾದ ಒಂದು ಫೋನ್ ನಂಬರ್ ಇರಲಿ, ಅದನ್ನು ಹೆಂಗಸೊಬ್ಬರು ಎತ್ತಿಕೊಳ್ಳಲಿ. ಹಬ್ಬದ ಕಾಣಿಕೆಯಲ್ಲಿ ಒಂದು ಪಾಲು ಬಾಣಂತನದ ಖರ್ಚಿಗೆ ಇರಲಿ, ಯಾವ ಧರ್ಮದವರು ಬಂದರೂ. ಮದುವೆಯ ತರಬೇತಿಯಲ್ಲಿ ಗಂಡಸರಿಗೇ ಬೇರೆಯಾಗಿ ಒಂದು ಪಾಠ ಇರಲಿ, ಅದನ್ನು ಫಾದರ್ ಅವರೇ ಮಾಡಲಿ. ಮೊದಲೆರಡಕ್ಕೆ ಅವರು ಹೂಂ ಎಂದಿದ್ದಾರೆ. ಮೂರನೆಯದಕ್ಕೆ ಸ್ವಲ್ಪ ಸಂಕೋಚ ಅವರಿಗೆ. ನಾವು ಬಿಡುವುದಿಲ್ಲ.